ಬೆನ್ನಿನ ಕಡೆಯ ಚಿನ್ನ

ಜನವರಿ ೧೧

ಅಕ್ಕನಿಗೆ,

ಮೊನ್ನೆ ಮಧ್ಯಾಹ್ನ ಬಂದು ಸೇರಿದೆ. ರೈಲಿನಲ್ಲಿ ಕಿಟಕಿಯ ಪಕ್ಕವೇ ಸಿಕ್ಕಿತು. ಭಾವ ಕಟ್ಟಿಕೊಟ್ಟ ಹಾಸಿಗೆಯ ಗಾತ್ರ ನೋಡಿ ಎದುರಿಗೆ ಕೂತಿದ್ದ ಹೆಂಗಸು, "ಯಾರ ಮೇಲೆ ಸಿಟ್ಟು ಮಾಡ್ಕೊಂಡು ಮನೆ ಬಿಟ್ರಿ?" ಎಂದು ಕೇಳಿದಳು. ಯಾರ ಮೇಲೂ ಇಲ್ಲ, ಕೆಲಸಕ್ಕೆ ಹೋಗುತ್ತಿದ್ದೇನೆ ಎಂದರೆ ನಂಬಲಿಲ್ಲ.

ವಿಹಾರದ ವಿಷಯ ಹೇಳುತ್ತೇನೆ. ನಾವು ಚಿತ್ರದಲ್ಲಿ ನೋಡಿದ ಹಾಗೆ ಇಲ್ಲ. ಬಾಗಿಲು ದಾಟಿದ ಕೂಡಲೇ ಬುದ್ಧ ಕಾಣುವುದಿಲ್ಲ, ಒಂದು ಚಿನ್ನದ ಗೋಡೆ ಕಾಣುತ್ತದೆ. ಅಲ್ಲಲ್ಲಿ ಚಿನ್ನ ಉದುರಿ ಕಪ್ಪು ಗಾರೆ ಕಾಣುವ ಗೋಡೆ. "ಬುದ್ಧ ಎಲ್ಲಿ?" ಎಂದು ಮೇಸ್ತ್ರಿಯನ್ನು ಕೇಳಿದೆ. "ಅವನ ಹೊಟ್ಟೆ ಮುಂದೇನೇ ನಿಂತಿದ್ದೀಯಲ್ಲ ತಾಯಿ" ಎಂದರು. ತಲೆ ನೋಡಬೇಕಾದರೆ ಎಡಕ್ಕೆ ನಡೆಯಬೇಕು, ಪಾದ ನೋಡಬೇಕಾದರೆ ಬಲಕ್ಕೆ. ಉದ್ದ ನೂರ ಅರವತ್ತು ಅಡಿ. ಕಾಲಿನ ಕಿರುಬೆರಳು ನಮ್ಮ ಅಂಗಡಿಯ ಬಾಗಿಲಿನಷ್ಟಿದೆ. ಬಲಮಗ್ಗುಲಾಗಿ, ಅಂಗೈ ಮೇಲೆ ತಲೆಯಿಟ್ಟು ಮಲಗಿದ್ದಾನೆ. ನಿದ್ದೆಯಲ್ಲ, ಕೊನೆಯುಸಿರಿನ ಹೊತ್ತು ಅದು ಎಂದು ಹಿರಿಯ ಭಿಕ್ಷುವೊಬ್ಬರು ಹೇಳಿದರು. ಮುಖದಲ್ಲಿ ಮಾತ್ರ ಹೊರಡುವವನ ಗಡಿಬಿಡಿ ಏನೇನೂ ಇಲ್ಲ.

ಒಟ್ಟು ಹನ್ನೊಂದು ಜನ ಇದ್ದೇವೆ. ಹೆಂಗಸು ನಾನೊಬ್ಬಳೇ. ವಿಹಾರದ ಹಿಂದಿನ ಸಾಲುಕೋಣೆಗಳಲ್ಲಿ ನನಗೊಂದು ಕೊಟ್ಟಿದ್ದಾರೆ. ಕಿಟಕಿ ಇದೆ, ಕಿಟಕಿಗೆ ಚಿಲಕ ಇಲ್ಲ. ನಿಂತು ಕೆಲಸ ಮಾಡಲು ಕಬ್ಬಿಣದ ಕೊಳವೆಗಳ ಸಾರುವೆ ಕಟ್ಟಿ ಮುಗಿದಿದೆ. ನಾಳೆಯಿಂದ ಹಳೆಯ ಚಿನ್ನ ಕೆರೆಯುವ ಕೆಲಸ, ಆಮೇಲೆ ಹೊಸದು ಹಚ್ಚುವುದು. ಯಾರಿಗೆ ಯಾವ ಭಾಗ ಎಂದು ಮೇಸ್ತ್ರಿ ಇನ್ನೂ ಬಾಯಿ ಬಿಟ್ಟಿಲ್ಲ.

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ. ಮೇಲಿನ ಸಾಮಾನು ಭಾವನ ಕೈಯಲ್ಲಿ ಇಳಿಸಿಕೋ.

ನಿನ್ನ
ಗುಬ್ಬಿ


ಜನವರಿ ೨೨

ಗುಬ್ಬಿಗೆ,

ನಿನ್ನ ಕಾಗದ ಬಂತು. ನಿನ್ನ ಭಾವ ಅದನ್ನು ನನಗಿಂತ ಮುಂಚೆ ಓದಿ, ಜೇಬಿನಲ್ಲಿಟ್ಟುಕೊಂಡು ಹೋಗಿ, ಎದುರಿನ ದರ್ಜಿಗೂ ಮೂಲೆಯ ಚಹಾದಂಗಡಿಯವರಿಗೂ ಓದಿ ಹೇಳಿದ್ದಾರೆ. ನನ್ನ ಕೈಗೆ ಬರುವಾಗ ಅದಕ್ಕೆ ಚಹಾದ ಕಲೆ ಬಿದ್ದಿತ್ತು. ದರ್ಜಿ ನನ್ನನ್ನು ಕಂಡಾಗಲೆಲ್ಲ, "ಕಿರುಬೆರಳೇ ಇಷ್ಟಂತೆ ಅಲ್ವಾ?" ಎಂದು ಕೈ ಅಗಲಿಸುತ್ತಾನೆ. ಇಪ್ಪತ್ತೆಂಟು ವರ್ಷ ಅವನ ಎದುರಿಗೆ ಕೂತು ಚೌಕಟ್ಟಿಗೆ ಚಿನ್ನ ಹಚ್ಚಿದ್ದೇನೆ, ಒಂದು ದಿನ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ಬಿಡು.

ನಿನಗೆ ಒಳ್ಳೆಯ ಅವಕಾಶ. ನನಗೆ ಸಂತೋಷ. ನಾನು ಹೋಗು ಎಂದ ಕೂಡಲೇ ನೀನು ಹೊರಟದ್ದು ಒಳ್ಳೆಯದೇ ಆಯಿತು, ಯೋಚನೆ ಮಾಡುತ್ತಾ ಕೂತಿದ್ದರೆ ಬೇರೆ ಯಾರನ್ನಾದರೂ ಕರೆಯುತ್ತಿದ್ದರು. ಅವರು ಕಾಗದದಲ್ಲಿ 'ನಿಮ್ಮ ಅಂಗಡಿಯಿಂದ ನುರಿತವರೊಬ್ಬರನ್ನು ಕಳಿಸಿ' ಎಂದು ಬರೆದಿದ್ದರು, ನೆನಪಿರಲಿ. ನುರಿತವರು. ಅಂಗಡಿಯ ಹೆಸರು ಕೆಡಿಸಬೇಡ.

ನಿನ್ನ ಕೈಯ ಅವಸರ ನನಗೆ ಗೊತ್ತು. ಅಂಟು ಬಳಿದ ಮೇಲೆ ಕಾಯಬೇಕು. ಬೆರಳಿನ ಗೆಣ್ಣು ತಾಕಿಸಿದರೆ ಹಿಡಿಯಬೇಕು, ಆದರೆ ಬಿಡಬೇಕು. ಹಿಡಿದು ಬಿಡದಿದ್ದರೆ ಇನ್ನೂ ಹಸಿ. ಆಗ ಚಿನ್ನದ ತೆಳು ರೇಕು ಇಟ್ಟರೆ ಸುಕ್ಕು ಬೀಳುತ್ತದೆ. ಇಷ್ಟು ದೊಡ್ಡ ಮೈಯಲ್ಲಿ ಒಂದು ಸುಕ್ಕು ಬಿದ್ದರೂ ಬಾಗಿಲಿನಿಂದಲೇ ಕಾಣುತ್ತದೆ. ಉಸಿರು ಬಿಗಿಹಿಡಿದು ಇಡು. ಮಾತಾಡುತ್ತಾ ಕೆಲಸ ಮಾಡಬೇಡ. ಇದನ್ನೆಲ್ಲ ನೀನು ಹದಿನಾಲ್ಕು ವರ್ಷದವಳಿದ್ದಾಗಿನಿಂದ ಹೇಳುತ್ತಿದ್ದೇನೆ. ಈಗಲೂ ಹೇಳುತ್ತಿದ್ದೇನೆ.

ಯಾವ ಭಾಗ ಕೊಟ್ಟರು ಎಂದು ಬರೆ. ಪಾದದ ಕಡೆ ಇರಬೇಕು. ಹೊಸಬರಿಗೆ ಅಲ್ಲೇ ಕೊಡುವುದು.

ಮಂಡಿ ಪರವಾಗಿಲ್ಲ. ಅಷ್ಟೇನೂ ಇರಲೂ ಇಲ್ಲ.

ಅಕ್ಕ


ಫೆಬ್ರವರಿ ೩

ಅಕ್ಕ,

ಕೂತುಕೊಂಡು ಓದು. ನನಗೆ ಮುಖ ಕೊಟ್ಟಿದ್ದಾರೆ.

ಪೂರ್ತಿ ಅಲ್ಲ, ಎಡಗೆನ್ನೆ ಮತ್ತು ತುಟಿಯ ಎಡತುದಿ. ಬಲಗೆನ್ನೆ ಅಂಗೈಯ ಕಡೆಗೆ ಒತ್ತಿಕೊಂಡಿರುವುದರಿಂದ ನೋಡುವವರಿಗೆ ಕಾಣುವುದು ಎಡಗೆನ್ನೆಯೇ. ಅಂದರೆ ಅರ್ಥ ಮಾಡಿಕೋ, ಜನ ಬಂದು ಬುದ್ಧನ ಮುಖ ಎಂದು ನೋಡುವುದು ನಾನು ಹಚ್ಚಿದ ಚಿನ್ನವನ್ನು. ಮೇಸ್ತ್ರಿ ಎಲ್ಲರ ಕೈಯಲ್ಲೂ ಒಂದೊಂದು ಹಲಗೆಗೆ ರೇಕು ಹಚ್ಚಿಸಿ, ಬಿಸಿಲಿಗೆ ಹಿಡಿದು ನೋಡಿದರು. ನನ್ನ ಹಲಗೆಯನ್ನು ಎರಡು ಸಲ ತಿರುಗಿಸಿ ನೋಡಿ ಕೆಳಗಿಟ್ಟರು. ಮರುದಿನ ಬೆಳಿಗ್ಗೆ, "ನೀನು ಮೇಲೆ ಹತ್ತು ತಾಯಿ" ಎಂದರು, ಅಷ್ಟೇ. ಉಳಿದವರ ಮುಖ ನೋಡಬೇಕಿತ್ತು. ಬೋಳುತಲೆಯವರೊಬ್ಬರಿದ್ದಾರೆ, ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಅವರಿಗೆ ಸಿಕ್ಕಿದ್ದು ಮೊಣಕೈ. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ.

ಸಾರುವೆಯ ಮೇಲೆ ನಿಂತರೆ ಕಣ್ಣಿಗೆ ಕಣ್ಣು. ಅವನ ಕಣ್ಣುಗುಡ್ಡೆ ನನ್ನ ತಲೆಗಿಂತ ದೊಡ್ಡದು. ಕೆಳಗೆ ಬರುವ ಜನ ಚಪ್ಪಲಿ ಬಿಟ್ಟು ಒಳಗೆ ಬಂದು, ತಲೆಯೆತ್ತಿ ಅವನನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಿನ್ನೆ ಒಬ್ಬಾಕೆ ಕೈಮುಗಿದಾಗ ಅದು ನನಗೋ ಅವನಿಗೋ ತಿಳಿಯದೆ ನಾನೂ ಮುಗಿದುಬಿಟ್ಟೆ.

ಭಾವನಿಗೆ ಹೇಳು. ದರ್ಜಿಗೂ ಹೇಳಲಿ.

ಗುಬ್ಬಿ


ಫೆಬ್ರವರಿ ೧೫

ಗುಬ್ಬಿಗೆ,

ಹೇಳಬೇಕಾದವರಿಗೆಲ್ಲ ನಿನ್ನ ಭಾವ ಹೇಳಿಯಾಗಿದೆ. ಹೇಳಬೇಕಿಲ್ಲದವರಿಗೂ ಹೇಳಿಯಾಗಿದೆ. ಚಪ್ಪಲಿ ಅಂಗಡಿಯವಳು ಬಂದು, "ನಿಮಗೂ ಇಂಥ ಕೆಲಸ ಬರುತ್ತಾ, ಇಲ್ಲಾ ತಂಗಿಗೆ ಮಾತ್ರಾನಾ?" ಎಂದು ಕೇಳಿ ಹೋದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಅದೇ ಇನ್ನೂ ಕಷ್ಟ.

ನೀನು ಬರೆದದ್ದು ಓದಿ ನಗು ಬಂತು. ನಾಟಕಶಾಲೆಯ ಛಾವಣಿಗೆ ಚಿನ್ನ ಹಚ್ಚುವಾಗ ನಾನು ನಾಲ್ಕು ತಿಂಗಳು ಅಂಗಾತ ಮಲಗಿ ಕೆಲಸ ಮಾಡಿದೆ, ಕೆಳಗಿನಿಂದ ಯಾರೂ ಕೈಮುಗಿಯಲಿಲ್ಲ. ಆ ಛಾವಣಿ ನೋಡಿಯೇ ಮೇಸ್ತ್ರಿ ನಮ್ಮ ಅಂಗಡಿಗೆ ಕಾಗದ ಬರೆದದ್ದು. ಅಲ್ಲಿ ನೀನು ನನಗೆ ರೇಕು ಎತ್ತಿಕೊಡುತ್ತಿದ್ದೆ. ಇದನ್ನು ಅಲ್ಲಿ ಯಾರಿಗಾದರೂ ಹೇಳಿದ್ದೀಯೋ ಇಲ್ಲವೋ.

ಬ್ಯಾಂಕಿನ ದೊಡ್ಡ ಕನ್ನಡಿಯ ಚೌಕಟ್ಟು ಬಂದಿದೆ. ಒಬ್ಬಳೇ ಮಾಡುತ್ತಿದ್ದೇನೆ. ನೀನಿಲ್ಲದೆ ಕೆಲಸ ನಿಂತಿಲ್ಲ.

ಅಕ್ಕ


ಮಾರ್ಚ್ ೨

ಅಕ್ಕ,

ನಿನ್ನ ಕಾಗದ ಹತ್ತು ದಿನದ ಹಿಂದೆಯೇ ಬಂತು. ಕೆಲಸ ಜಾಸ್ತಿ, ಬರೆಯಲು ಆಗಲಿಲ್ಲ.

ಎಲ್ಲ ಚೆನ್ನಾಗಿದೆ. ಕೆನ್ನೆ ಹೊಳೆಯುತ್ತಿದೆ. ಬೆಳಿಗ್ಗೆ ಎದುರಿನ ಕಿಟಕಿಯಿಂದ ಬಿಸಿಲು ಬಿದ್ದಾಗ ನೋಡಲು ಆಗುವುದಿಲ್ಲ, ಕಣ್ಣು ಕುಕ್ಕುತ್ತದೆ. ಮೇಸ್ತ್ರಿಗೂ ಸಮಾಧಾನ. ನೀನು ಕೇಳಿದ್ದಕ್ಕೆ ಹೇಳುತ್ತೇನೆ, ಎಲ್ಲರಿಗೂ ಗೊತ್ತು ನನಗೆ ಕೆಲಸ ಕಲಿಸಿದ್ದು ನನ್ನ ಅಕ್ಕ ಎಂದು.

ಭಾವ ಬರೆದಿದ್ದರು, ನೀನು ಒಮ್ಮೆ ಬಂದು ನೋಡಬೇಕು ಎನ್ನುತ್ತಿದ್ದೀಯೆಂದು. ಈಗ ಬರಬೇಡ. ಇಡೀ ಮಂಟಪ ಧೂಳು. ಸಾರುವೆಗೆ ಬಟ್ಟೆ ಕಟ್ಟಿದ್ದಾರೆ, ಏನೂ ಸರಿಯಾಗಿ ಕಾಣುವುದಿಲ್ಲ. ರೈಲು ನಿಲ್ದಾಣದಿಂದ ದಿಬ್ಬ ಬೇರೆ ಹತ್ತಬೇಕು, ನಿನ್ನ ಮಂಡಿಗೆ ಆಗದು. ಎಲ್ಲ ಮುಗಿದ ಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಗುಬ್ಬಿ


ಮಾರ್ಚ್ ೨೦

ಗುಬ್ಬಿಗೆ,

ಬರಬೇಡ ಎಂದರೆ ಬರುವುದಿಲ್ಲ. ನಿನ್ನ ವೈಭವಕ್ಕೆ ನಾನು ಅಡ್ಡ ಬರುವವಳಲ್ಲ.

ಸುಮ್ಮನೆ ಕೇಳುತ್ತೇನೆ. ಅಷ್ಟು ಎತ್ತರದಲ್ಲಿ ದಿನವಿಡೀ ನಿಂತರೆ ತಲೆ ಸುತ್ತುವುದಿಲ್ಲವೇ? ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತದೆ ಎಂದೆಯಲ್ಲ, ದೀಪ ಗೀಪ ಇಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ ಅಲ್ಲವೇ? ಇನ್ನೂ ಎಷ್ಟು ದಿನ ಮುಖದ ಕೆಲಸ?

ಬ್ಯಾಂಕಿನ ಚೌಕಟ್ಟು ಮುಗಿಯಿತು. ಈಚೆಗೆ ನನಗೆ ಒಳ್ಳೆಯ ನಿದ್ದೆ ಬರುತ್ತಿದೆ.

ಅಕ್ಕ


ಮಾರ್ಚ್ ೨೯

ಅಕ್ಕ,

ಇಲ್ಲ, ತಲೆ ಸುತ್ತುವುದಿಲ್ಲ, ಅಭ್ಯಾಸವಾಗಿದೆ. ದೀಪ ಯಾಕೆ ಬೇಕು, ಹಗಲು ಬೇಕಾದಷ್ಟು ಬೆಳಕಿದೆ. ಕೆನ್ನೆ ಮುಗಿದು ಈಗ ತುಟಿಯ ಹತ್ತಿರ ಬಂದಿದ್ದೇನೆ. ನಿನ್ನೆ ಯಾರೋ ಬಂದು ನನ್ನ ಚಿತ್ರ ತೆಗೆದುಕೊಂಡು ಹೋದರು.

ನಿನಗೆ ನಿದ್ದೆ ಬರುತ್ತಿದೆಯಲ್ಲ, ಒಳ್ಳೆಯದು.

ಗುಬ್ಬಿ


ಏಪ್ರಿಲ್ ೪

ಅಕ್ಕ,

ಈವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಸ್ತ್ರಿ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟರು. "ಇದು ನನಗೆ ಬಂದಿದ್ದು. ಆದ್ರೆ ನೀನೂ ಓದ್ಬೇಕು ಅನ್ನಿಸ್ತು" ಎಂದರು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ನನಗೆ ಅಕ್ಷರ ತಿದ್ದಿಸಿದ ಕೈಯಲ್ಲವೇ ಅದು.

'ನನ್ನ ತಂಗಿ ಅವಸರದ ಕೈಯವಳು. ನಾಟಕಶಾಲೆಯ ಛಾವಣಿ ಪೂರ್ತಿ ನನ್ನ ಕೆಲಸ. ನಾನು ಖುದ್ದಾಗಿ ಬಂದು ನೋಡಿದ್ದೇನೆ, ಮುಖಕ್ಕೆ ಈಗ ಹಚ್ಚಿರುವುದು ಸಾಲದು. ನೀವು ಒಪ್ಪಿದರೆ ಆ ಭಾಗವನ್ನು ನಾನು ಮಾಡಿಕೊಡಬಲ್ಲೆ.'

ಹೀಗೆ ಬರೆದಿದ್ದೀಯ. ನಾನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ 'ಖುದ್ದಾಗಿ ಬಂದು ನೋಡಿದ್ದೇನೆ' ಎಂಬಲ್ಲಿ ನಿಂತುಬಿಟ್ಟೆ. ನೀನು ಬಂದಿದ್ದೆ. ಬಂದು, ನೋಡಿ, ನನ್ನನ್ನು ಕರೆಯದೆ ಹೋದೆ. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ದೀಪ ಬೇಕೇ, ತಲೆ ಸುತ್ತುವುದಿಲ್ಲವೇ ಎಂದು ಕೇಳಿದೆ. ಬೆಕ್ಕು ಇಲಿಯನ್ನು ಆಡಿಸುವ ಹಾಗೆ.

ಸರಿ, ನಿಜ ಕೇಳು. ಮುಖ ಸಿಕ್ಕಿತು ಎಂದು ಬರೆದದ್ದು ಸುಳ್ಳಲ್ಲ. ಆ ಕಾಗದ ಅಂಚೆಗೆ ಹಾಕಿದ ನಾಲ್ಕನೆಯ ದಿನ ಅದು ಕೈತಪ್ಪಿತು. ಕೆಳಗೆ ಜನ ನಿಂತು ನೋಡುತ್ತಿದ್ದರು. ನಾನು ರೇಕು ಎತ್ತಿದರೆ 'ಆಹಾ' ಎನ್ನುವರು. ಅಂಟು ಇನ್ನೂ ಹಸಿಯಾಗಿತ್ತು, ನನಗೂ ಗೊತ್ತಿತ್ತು. ಅವರು ಕಾಯುತ್ತಿದ್ದಾರಲ್ಲ ಎಂದು ಇಟ್ಟುಬಿಟ್ಟೆ. ತುಟಿಯ ತುದಿಯಲ್ಲಿ ಸುಕ್ಕು ಬಿತ್ತು. ಕೆಳಗಿಳಿದು ನೋಡಿದರೆ ಬುದ್ಧ ಯಾರನ್ನೋ ಆಡಿಕೊಂಡು ನಗುವವನ ಹಾಗೆ ಕಾಣುತ್ತಿದ್ದ. ಮೇಸ್ತ್ರಿ ಬೈಯಲಿಲ್ಲ. ಅದನ್ನು ಕೆರೆಸಿ, ಬೋಳುತಲೆಯವರನ್ನು ಮೇಲೆ ಹತ್ತಿಸಿ, ನನ್ನನ್ನು ಬೆನ್ನಿನ ಕಡೆಗೆ ಕಳಿಸಿದರು. ಗೋಡೆಗೂ ಬೆನ್ನಿಗೂ ನಡುವೆ ಎರಡೇ ಅಡಿ ಜಾಗ. ಹಗಲೂ ದೀಪ ಬೇಕು. ಅಲ್ಲಿಗೆ ಯಾರೂ ಬರುವುದಿಲ್ಲ.

"ಗೋಡೆ ನೋಡೋ ಕಡೆಗೂ ಚಿನ್ನ ಯಾಕೆ ಹಚ್ಬೇಕು?" ಎಂದು ಸಿಟ್ಟಿನಿಂದ ಕೇಳಿದೆ. "ಬೆನ್ನೂ ಅವನ ಮೈ ತಾನೇ" ಎಂದರು.

ನಿನಗೆ ನಿಜ ಬರೆಯೋಣವೆಂದೇ ಕೂತಿದ್ದೆ. ಅಷ್ಟರಲ್ಲಿ ನಿನ್ನ ಉತ್ತರ ಬಂತು. ಎಷ್ಟು ತಣ್ಣಗಿತ್ತು ಅದು. ಓದುತ್ತಾ ಓದುತ್ತಾ ಗೊತ್ತಾಯಿತು, ನಿನಗೆ ಉರಿಯುತ್ತಿದೆ ಎಂದು. ನನ್ನ ಮೇಲೆ. ನನಗೆ ಖುಷಿಯಾಯಿತು ಅಕ್ಕ. ನಿನ್ನ ಹಳೆಯ ಲಂಗ ಉಟ್ಟು, ನಿನ್ನ ಹಳೆಯ ಕುಂಚ ಹಿಡಿದು, ನೀನು ಬಿಟ್ಟ ಮೂಲೆಗಳಿಗೆ ಚಿನ್ನ ಹಚ್ಚಿ ಬೆಳೆದವಳು ನಾನು. ಇಷ್ಟು ವರ್ಷ ಹೊಟ್ಟೆಕಿಚ್ಚು ಪಡುವುದು ನನ್ನ ಕೆಲಸವಾಗಿತ್ತು. ಮೊದಲ ಸಲ ಅದು ನಿನ್ನ ಪಾಲಿಗೆ ಬಂತು. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಸುಳ್ಳು ಬರೆದೆ.

ನನ್ನ ತಪ್ಪು ಅಷ್ಟು. ನಿನ್ನದು ನೀನು ಹೇಳು.


ಏಪ್ರಿಲ್ ೧೫

ಗುಬ್ಬಿ,

ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ಮೊದಲ ಸಾಲಿನಲ್ಲೇ ನಿನ್ನನ್ನು ಬೈದು, ಹರಿದು ಹಾಕಿದೆ. ನಿನ್ನ ಭಾವ ಕಸದ ಬುಟ್ಟಿ ನೋಡಿ, "ಹೇಳೋದು ಇಷ್ಟೊಂದು ಇದ್ರೆ ರೈಲು ಹತ್ತೋದು ವಾಸಿ" ಎಂದರು. ಅವರಿಗೆ ಏನೂ ಗೊತ್ತಿಲ್ಲ. ಅವರ ಪಾಲಿಗೆ ನೀನು ಇವತ್ತಿಗೂ ಕೆನ್ನೆಯ ಮೇಲೆಯೇ ಇದ್ದೀಯ.

ಮೊದಲಿನಿಂದ ಹೇಳುತ್ತೇನೆ. ವಿಹಾರದಿಂದ ಕಾಗದ ಬಂದ ದಿನ ನಾನು 'ನೀನೇ ಹೋಗು, ನನಗೆ ಮಂಡಿ ನೋವು' ಎಂದೆ. ಅದು ಬಾಯಿಮಾತು. ನೀನು 'ಇಲ್ಲಕ್ಕಾ, ನೀನು ಹೋಗು' ಅನ್ನುತ್ತೀಯ, ನಾನು ಇನ್ನೊಮ್ಮೆ ಬೇಡ ಅನ್ನುತ್ತೇನೆ, ನೀನು ಮತ್ತೆ ಒತ್ತಾಯ ಮಾಡುತ್ತೀಯ, ಆಮೇಲೆ ನಾನು ಪೆಟ್ಟಿಗೆ ಕಟ್ಟುತ್ತೇನೆ ಎಂದುಕೊಂಡಿದ್ದೆ. ನೀನು 'ಆಯ್ತಕ್ಕಾ' ಎಂದೆ. ಒಂದೇ ಒಂದು ಸಲ ಕೇಳಬಹುದಿತ್ತು. ನೀನು ಪೆಟ್ಟಿಗೆ ಕಟ್ಟುವಾಗ ನಾನೇ ಕೂತು ನಿನ್ನ ಸೀರೆ ಮಡಿಸಿಕೊಟ್ಟೆ. ಆ ಹೊತ್ತಿನಿಂದ ಇದು ಒಳಗೆ ಕೂತಿದೆ.

ಮಾರ್ಚ್ ಹದಿಮೂರಕ್ಕೆ ಬಂದೆ. ನಿನ್ನ ಭಾವನಿಗೆ ಬಣ್ಣದ ಅಂಗಡಿಗೆ ಹೋಗುತ್ತೇನೆಂದು ಹೇಳಿ ಬೆಳಗಿನ ರೈಲು ಹತ್ತಿದೆ. ದಿಬ್ಬವನ್ನು ಎಲ್ಲೂ ಕೂರದೆ ಹತ್ತಿದೆ. ಸಿಟ್ಟಿಗೆ ಮಂಡಿ ನೋವು ಗೊತ್ತಾಗುವುದಿಲ್ಲ. ಚಪ್ಪಲಿ ಬಿಟ್ಟು, ಯಾವುದೋ ಶಾಲೆಯ ಟೀಚರುಗಳ ಗುಂಪಿನ ಹಿಂದೆ ನುಸುಳಿ ಒಳಗೆ ಹೋದೆ. ನಿನ್ನ ಕಣ್ಣಿಗೆ ಬೀಳಬಾರದೆಂದು ಸೆರಗು ತಲೆ ಮೇಲೆ ಎಳೆದುಕೊಂಡಿದ್ದೆ. ಆ ಮುಖ ನೋಡಿದೆ. ಅಷ್ಟು ದೊಡ್ಡ ಮುಖದ ಮುಂದೆ ನಿಂತವರು ಏನೇನೋ ಯೋಚಿಸುತ್ತಾರಂತೆ, ಸಾವು, ಶಾಂತಿ. ನಾನು ಸಾರುವೆಯ ಮೇಲೆ ನಿನ್ನ ಹಸಿರು ಸೀರೆ ಹುಡುಕುತ್ತಿದ್ದೆ. ಮೇಲೆ ಬೋಳುತಲೆ ಕಾಣಿಸಿತು. ನೀನು ಊಟಕ್ಕೆ ಹೋಗಿರಬೇಕೆಂದು ಕಾದೆ. ಒಂದು ಗಂಟೆಯಾದರೂ ಬರಲಿಲ್ಲ. ಕಾಲು ಸೋತು, ಪಾದದ ಕಡೆಯಿಂದ ಹಿಂದಕ್ಕೆ ಸುತ್ತಿ ಬಂದೆ, ಎಲ್ಲಾದರೂ ಕೂರೋಣವೆಂದು. ಆ ಓಣಿಯಂಥ ಜಾಗದ ಕೊನೆಯಲ್ಲಿ ಒಂದು ದೀಪ. ದೀಪದ ಪಕ್ಕ ಮೊಣಕಾಲೂರಿ ಕೂತು ಗೋಡೆಗೆ ಬೆನ್ನು ತಾಗಿಸಿಕೊಂಡು ಕೆಲಸ ಮಾಡುತ್ತಿದ್ದೆ ನೀನು. ಕೂದಲಿಗೆಲ್ಲ ಗಾರೆಯ ಧೂಳು.

ಕರೆಯಬೇಕಿತ್ತು. ಹತ್ತು ಹೆಜ್ಜೆ ದೂರ. ಕರೆಯಲಿಲ್ಲ, ಯಾಕೆಂದರೆ ನನಗೆ ಸಂತೋಷವಾಯಿತು. ಬಾಯಲ್ಲಿ ಬೆಲ್ಲ ಇಟ್ಟ ಹಾಗೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಎರಡು ಕಿತ್ತಳೆಹಣ್ಣು ತೆಗೆದುಕೊಂಡು ಎರಡನ್ನೂ ಒಬ್ಬಳೇ ತಿಂದೆ. ಆ ಎರಡು ಹಣ್ಣಿನಷ್ಟು ಸಿಹಿ ನಾನು ಈಚೆಗೆ ತಿಂದಿಲ್ಲ. ರೈಲಿನಲ್ಲಿ ಕೂತು ಮೇಸ್ತ್ರಿಗೆ ಏನು ಬರೆಯಬೇಕೆಂದು ಒಂದೊಂದೇ ವಾಕ್ಯ ಜೋಡಿಸಿದೆ. ಮನೆಗೆ ಬಂದವಳು ಕೈಕಾಲು ತೊಳೆಯದೆ ಬರೆದೆ. ಮುಖದ ಕೆಲಸ ನಿನ್ನದಲ್ಲ ಎಂದು ಗೊತ್ತಿದ್ದೂ ನಿನ್ನ ಅವಸರವನ್ನೇ ಅದರಲ್ಲಿ ಬರೆದೆ. ಛಾವಣಿಯ ಮೂರರಲ್ಲಿ ಒಂದು ಪಾಲು ನಿನ್ನ ಕೈಯದು. ಅದನ್ನೂ ನುಂಗಿದೆ.

ನಿನಗೆ ಅಮ್ಮನ ಮುಖ ನೆನಪಿಲ್ಲ. ನನ್ನನ್ನೇ ಅಮ್ಮನ ಹಾಗೆ ನೋಡಿದವಳು ನೀನು. ಹಾಗೆ ನೋಡಿಸಿಕೊಂಡವಳು ಇಂಥ ಕೆಲಸ ಮಾಡಿದಳು.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಗದದ ಹಿಂಬದಿಯಲ್ಲಿ ಗುರುತು ಕಾಣುತ್ತದೆ.

ಅಕ್ಕ


ಏಪ್ರಿಲ್ ೨೪

ಅಕ್ಕನಿಗೆ,

ಮೇಸ್ತ್ರಿ ನಿನ್ನನ್ನು ಬರಹೇಳಿದ್ದಾರೆ. ಕೈ ಕಡಿಮೆಯಾಗಿದೆ, ಕೆಲಸ ಉಳಿದಿದೆ. ನಾನು ಇಪ್ಪತ್ತೊಂಬತ್ತರ ರೈಲಿಗೆ ಹೊರಟು ಬರುತ್ತೇನೆ. ನೀನು ಅದೇ ದಿನ ಅಲ್ಲಿಂದ ಹೊರಡು. ಅಂಗಡಿಯ ಕೀಲಿ ಭಾವನ ಹತ್ತಿರ ಕೊಟ್ಟಿರು.

ಸಿಟ್ಟು ಹೋಗಿಲ್ಲ. ಎದುರೆದುರು ನಿಂತರೆ ಇಬ್ಬರೂ ಎಣ್ಣೆ ಸೀಗೆಕಾಯಿ ಆಗುತ್ತೇವೆ. ಈಗ ಭೇಟಿ ಬೇಡ.

ಕೋಣೆಯ ಕಿಟಕಿಗೆ ಚಿಲಕವಿಲ್ಲ, ದಾರ ಕಟ್ಟಿದ್ದೇನೆ. ಬಿಚ್ಚಬೇಡ.

ಗುಬ್ಬಿ


ಮೇ ೧೯

ಗುಬ್ಬಿಗೆ,

ಬಂದು ಇಪ್ಪತ್ತು ದಿನವಾಯಿತು. ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ನಿನ್ನ ಭಾವನ ಕಾಗದದಿಂದ ತಿಳಿಯಿತು, ನೀನು ಬಂದವಳೇ ಅಂಗಡಿಯ ಕಪಾಟುಗಳ ಜಾಗ ಬದಲಿಸಿದ್ದೀಯಂತೆ. ಆಗಲಿ.

ನಾನು ಇಲ್ಲಿಗೆ ಮುಖದ ಕೆಲಸಕ್ಕೆ ಎಂದೇ ಬಂದೆ. ನನ್ನ ಸ್ವಂತ ಕುಂಚಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಮೇಸ್ತ್ರಿ ಬಾಗಿಲಲ್ಲೇ ನಿಂತು, "ಮುಖ ಮುಗಿದು ವಾರ ಆಯ್ತು ತಾಯಿ. ಬೆನ್ನು ಉಳಿದಿದೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ನೀನು ಬೇಕೆಂದೇ ಅದನ್ನು ಬರೆಯದೆ ಬಿಟ್ಟೆ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ, ಇಲ್ಲ ಎನ್ನಬೇಡ. ನಾನು ಬಂದ ರೈಲು ತಡವಾಗಿ, ಆ ದಿನದ ಹಿಂದಿರುಗುವ ರೈಲು ಆಗಲೇ ತಪ್ಪಿತ್ತು. ಅದಕ್ಕೇ ಆ ಒಂದು ದಿನ ಉಳಿದೆ.

ಸಂಜೆಯವರೆಗೆ ಮಾಡಲು ಏನೂ ಇರಲಿಲ್ಲ. ನಿನ್ನ ಕೆಲಸದಲ್ಲಿ ತಪ್ಪು ಹುಡುಕೋಣವೆಂದು ದೀಪ ಹಿಡಿದು ಹಿಂದಕ್ಕೆ ಹೋದೆ. ನಿಜ ಹೇಳುತ್ತಿದ್ದೇನೆ, ಅದಕ್ಕೇ ಹೋದದ್ದು. ನಿನ್ನ ರೇಕುಗಳ ಜೋಡಣೆ ಹೇಗಿರುತ್ತದೆ ಎಂದು ನನಗೆ ಬಾಯಿಪಾಠ. ಎಡಗೈ ಕಡೆ ಸ್ವಲ್ಪ ಮೇಲೇರುತ್ತದೆ, ಅಂಚು ಅಂಚಿನ ಮೇಲೆ ಕೂದಲೆಳೆಯಷ್ಟು ಹತ್ತುತ್ತದೆ. ಗೋಡೆಗೆ ಒರಗಿ ದೀಪವನ್ನು ಓರೆಯಾಗಿ ಹಿಡಿದೆ. ಓರೆ ಬೆಳಕಿಗೆ ಎಂಥ ಜೋಡಣೆಯಾದರೂ ಗೆರೆಯಾಗಿ ಕಾಣಲೇಬೇಕು. ಕಾಣಲಿಲ್ಲ. ದೀಪ ಕೆಳಗಿಟ್ಟು ಬೆರಳಿನ ತುದಿಯಿಂದ ಸವರಿದೆ. ಸಿಕ್ಕಲಿಲ್ಲ. ಕೆನ್ನೆ ಒತ್ತಿ ನೋಡಿದೆ. ನಗಬೇಡ, ಕೆನ್ನೆಗೆ ಬೆರಳಿಗಿಂತ ಸೂಕ್ಷ್ಮ ತಿಳಿಯುತ್ತದೆ. ಅಲ್ಲೂ ಇಲ್ಲ. ನೂರಾರು ರೇಕು ಇಟ್ಟ ಜಾಗ, ಒಂದೇ ಹಾಳೆ ಹೊದಿಸಿದ ಹಾಗೆ ಇತ್ತು.

ಮೇಸ್ತ್ರಿ ಹಿಂದೆಯೇ ಬಂದು ನಿಂತಿದ್ದರು.

"ಅವಳ ಕೆಲಸ ಎಲ್ಲಿಂದ ಶುರು?" ಎಂದು ಕೇಳಿದೆ.

"ನೀವು ನಿಂತಿರೋ ಜಾಗದಿಂದ ಆ ತುದೀವರೆಗೂ."

"ಇಷ್ಟು ಚೆನ್ನಾಗಿ ಮಾಡೋವಾಗ ಮತ್ತೆ ಮುಖಕ್ಕೆ ಯಾಕೆ ಕರೀಲಿಲ್ಲ?"

"ಕರೆದೆ ತಾಯಿ. ಎರಡು ಸಲ ಕರೆದೆ. ಬರಲ್ಲ ಅಂದ್ಲು."

ಇದನ್ನೂ ನೀನು ಬರೆಯಲಿಲ್ಲ.

ರೈಲು ಹತ್ತಲಿಲ್ಲ. ನೀನು ಬಿಟ್ಟ ಕಡೆಯಿಂದ ಮುಂದಕ್ಕೆ ಹಚ್ಚುತ್ತಿದ್ದೇನೆ. ಉಸಿರು ಬಿಗಿಹಿಡಿದೇ ಇಡುತ್ತೇನೆ, ಗೆಣ್ಣು ತಾಕಿಸಿ ಹದ ನೋಡಿಯೇ ಇಡುತ್ತೇನೆ. ಕೆಲಸ ಚೊಕ್ಕ, ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಆದರೆ ಓರೆ ಬೆಳಕಿಗೆ ನನ್ನ ಗೆರೆಗಳು ಕಾಣುತ್ತವೆ. ನಿನ್ನದು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತು ಎಂದು ದೀಪ ಹಿಡಿದ ಯಾರು ಬೇಕಾದರೂ ಹೇಳಬಹುದು. ಮೂರು ಸಲ ಕೆರೆದು ಮತ್ತೆ ಹಚ್ಚಿದೆ. ನಾಲ್ಕನೆಯ ಸಲ ಮೇಸ್ತ್ರಿ, "ಬಿಡಿ ತಾಯಿ, ಗೋಡೆ ತಾನೇ ನೋಡೋದು" ಎಂದರು. ನಿನಗೆ 'ಬೆನ್ನೂ ಅವನ ಮೈ' ಎಂದವರು ನನಗೆ ಹೀಗೆ ಹೇಳಿದರು. ಅದರ ಅರ್ಥ ನನಗೆ ಆಗದೇ ಇಲ್ಲ.

ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನಿನ್ನ ಅದೃಷ್ಟಕ್ಕೆ. ಅದರಲ್ಲಿ ಒಂದು ಸುಖ ಇತ್ತು, 'ಇವಳಿಗೇನು ಗೊತ್ತು' ಎಂದು ಮನಸ್ಸಿನಲ್ಲೇ ಅಂದುಕೊಳ್ಳಬಹುದಿತ್ತು. ಈಗ ಪಡುತ್ತಿರುವುದು ನಿನ್ನ ಕೈಗೆ. ಇದರಲ್ಲಿ ಸುಖವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಿಂದಕ್ಕೆ ಹೋಗಿ ಒಮ್ಮೆ ನಿನ್ನ ಭಾಗ ನೋಡಿ, ಆಮೇಲೆ ನನ್ನದರ ಹತ್ತಿರ ಬಂದು ಕೂರುತ್ತೇನೆ.

ಆ ಜೋಡಣೆ ಹೇಗೆ ಮಾಡಿದೆ? ಅಂಟಿನಲ್ಲಿ ಏನಾದರೂ ಬೆರೆಸಿದೆಯಾ? ರೇಕು ಇಡುವ ಕ್ರಮ ಬದಲಿಸಿದೆಯಾ? ನನಗೆ ತಿಳಿಯುತ್ತಿಲ್ಲ. ಬರೆ.

ಅಕ್ಕ


ಮೇ ೩೦

ಅಕ್ಕ,

ಬೇಕೆಂದೇ ಬರೆಯದೆ ಬಿಟ್ಟೆ, ಹೌದು. ಮುಖ ಮುಗಿದಿದೆ ಎಂದರೆ ನೀನು ಬರುತ್ತಿರಲಿಲ್ಲ.

ಮತ್ತೆ ಮೇಲೆ ಯಾಕೆ ಹತ್ತಲಿಲ್ಲ ಎಂದರೆ, ಅಲ್ಲಿ ನಿಂತಾಗ ನನ್ನ ಕೈ ನೋಡುವವರ ಕಡೆ ಹೋಗುತ್ತದೆ. ಹಿಂದುಗಡೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ. ಮೊದಲ ಎರಡು ವಾರ ಅಳುತ್ತಾ ಹಚ್ಚಿದೆ. ಆಮೇಲೆ ಯಾವಾಗಲೋ ಅಳು ನಿಂತಿತ್ತು, ಮಧ್ಯಾಹ್ನದ ಊಟ ಮರೆತಿದ್ದೆ. ನೀನು ಕದ್ದು ನೋಡಿಹೋದ ದಿನವೂ ನಾನು ಉಂಡಿರಲಿಲ್ಲ. ನನ್ನ ಸೋಲು ನೋಡಿದೆನೆಂದು ಕಿತ್ತಳೆ ತಿಂದೆಯಲ್ಲ, ಆ ದಿನ ನಾನು ನಿಜವಾಗಿ ಚೆನ್ನಾಗಿಯೇ ಇದ್ದೆ. ಇದನ್ನು ಹೇಳಿ ನಿನ್ನ ಕಿತ್ತಳೆಯ ರುಚಿ ಕೆಡಿಸುತ್ತಿದ್ದೇನೆ. ಕೆಡಲಿ.

ಇಲ್ಲಿ ಎಲ್ಲ ಸರಿಯಾಗಿದೆ. ಭಾವನಿಗೆ ನಿಜ ಹೇಳಿದೆ. "ಈಗ ದರ್ಜಿಗೆ ಏನು ಹೇಳ್ಲಿ?" ಎಂದು ಕೇಳಿದರು. ಬೆನ್ನು ಎಂದು ಹೇಳಿ ಎಂದೆ. ಇನ್ನೂ ಹೇಳಿಲ್ಲ.

ಮೊನ್ನೆ ಬ್ಯಾಂಕಿನ ಕಡೆ ಹೋಗಿದ್ದಾಗ ನಿನ್ನ ಕನ್ನಡಿ ಚೌಕಟ್ಟು ನೋಡಿದೆ. ಮೂಲೆಗಳಲ್ಲಿ ಬಳ್ಳಿ ತಿರುಗುವ ಕಡೆ ಚಿನ್ನ ಹೇಗೆ ನಿಲ್ಲಿಸಿದೆ ಎಂದು ನನಗೂ ತಿಳಿಯಲಿಲ್ಲ. ಬಾಗಿಲು ಕಾಯುವವನು ಎರಡು ಸಲ ಗದರಿಸುವವರೆಗೂ ಅಲ್ಲೇ ನಿಂತಿದ್ದೆ. ಹೊರಗೆ ಬರುವಾಗ ನಿನ್ನನ್ನು ಸ್ವಲ್ಪ ಬೈದುಕೊಂಡೇ ಬಂದೆ.

ಜೋಡಣೆ ಹೇಗೆ ಎಂದು ಕೇಳಿದ್ದೀಯ. ಹೇಳುವುದಿಲ್ಲ. ನನಗೆ ತಿಳಿದದ್ದೆಲ್ಲ ನೀನು ಕಲಿಸಿದ್ದು, ಇದೊಂದು ಮಾತ್ರ ಅಲ್ಲ. ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ. ಆದರೆ ನೀನು ಕೇಳುವುದನ್ನು ಬಿಡಬೇಡ. ಪ್ರತಿ ಕಾಗದದಲ್ಲೂ ಕೇಳು.

ಗುಬ್ಬಿ